ಆನ್‌ಲೈನ್ ಹರಾಜಿನಲ್ಲಿ ಹಳೆಯ ಗಿಬ್ಸನ್ ಬ್ಯಾಂಜೊ: ಅಸಲಿತನ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

"1930ರ ಗಿಬ್ಸನ್ ಮಾಸ್ಟರ್‌ಟೋನ್, ಫ್ಲಾಟ್‌ಹೆಡ್, ಐದು ತಂತಿ, ಆಲ್ ಒರಿಜಿನಲ್." ಹರಾಜಿನ ಪುಟದಲ್ಲಿ ಈ ಒಂದು ಸಾಲು ಕಂಡರೆ ಅದರಲ್ಲಿ ಐದು ಹೇಳಿಕೆಗಳಿವೆ ಎಂದು ಎಣಿಸಿ: ವರ್ಷ, ತಯಾರಕರು, ಟೋನ್ ರಿಂಗ್ (ಒಳಗಿನ ಲೋಹದ ಬಳೆ; ಫ್ಲಾಟ್‌ಹೆಡ್ ಅದರ ಒಂದು ಬಗೆ), ನೆಕ್ (ತಂತಿಗಳು ಹಾಯುವ ಉದ್ದನೆಯ ಹಿಡಿ), ಉಳಿದ ಬಿಡಿಭಾಗಗಳು. ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ನಿಜವಾಗುವುದಿಲ್ಲ. ಪಿಟೀಲು, ಗಿಟಾರುಗಳನ್ನು ಅಂಟಿನಿಂದ ಕೂಡಿಸುತ್ತಾರೆ; ಬ್ಯಾಂಜೊವನ್ನು ಬೋಲ್ಟು, ನಟ್ಟು, ಹುಕ್ಕುಗಳಿಂದ. ಒಂದು ಸ್ಪ್ಯಾನರ್ ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಒಂದರ ನೆಕ್ ಇನ್ನೊಂದಕ್ಕೆ ಹೋಗುತ್ತದೆ. ಹೀಗಾಗಿ ಈ ಮಾರುಕಟ್ಟೆಯಲ್ಲಿ ಪೂರ್ತಿ ನಕಲಿಗಿಂತ ಬೆರಕೆಯೇ ಹೆಚ್ಚು. ವಾದ್ಯವನ್ನು ಭಾಗ ಭಾಗವಾಗಿ ನೋಡಿ, ಪ್ರತಿ ಭಾಗಕ್ಕೂ ಬೇರೆ ತೀರ್ಪು ಕೊಡಬೇಕು.

ಈ ಬೆರಕೆಗೆ ಕಾರಣ ಇತಿಹಾಸದಲ್ಲಿದೆ. ಅಮೆರಿಕದ ಮಿಶಿಗನ್ ರಾಜ್ಯದ ಕಾಲಮಜೂ ಊರಿನಲ್ಲಿದ್ದ ಗಿಬ್ಸನ್ ಕಾರ್ಖಾನೆ 1925ರಲ್ಲಿ ಮಾಸ್ಟರ್‌ಟೋನ್ ಸಾಲನ್ನು ಹೊರತಂದಾಗ ಡ್ಯಾನ್ಸ್ ಬ್ಯಾಂಡುಗಳಿಗೆ ಬೇಕಿದ್ದದ್ದು ನಾಲ್ಕು ತಂತಿಯ ಟೆನರ್ ಮತ್ತು ಪ್ಲೆಕ್ಟ್ರಮ್ ಬ್ಯಾಂಜೊಗಳು. ಐದು ತಂತಿಯವು ಬಹಳ ಕಡಿಮೆ ತಯಾರಾದವು. 1945ರ ಕೊನೆಯಲ್ಲಿ ಅಮೆರಿಕದ ಸಂಗೀತಗಾರ ಬಿಲ್ ಮನ್ರೋ ಅವರ ತಂಡ ಸೇರಿದ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಶೈಲಿಯಿಂದ ಐದು ತಂತಿಯ ಬೇಡಿಕೆಯನ್ನೇ ತಿರುಗಿಸಿಬಿಟ್ಟರು. ಅವರ ಹೆಸರಿನೊಂದಿಗೆ ಸೇರಿಹೋದ ವಾದ್ಯ ಫ್ಲಾಟ್‌ಹೆಡ್ ರಿಂಗಿನ ಗಿಬ್ಸನ್ ಗ್ರನಾಡಾ. ಅಂಥ ಸ್ವರ ಬೇಕೆಂದವರು ಹಳೆಯ ಟೆನರ್‌ಗಳ ನೆಕ್ ಕಳಚಿ ಹೊಸ ಐದು ತಂತಿಯ ನೆಕ್ ಹಾಕಿಸತೊಡಗಿದರು. ಇದಕ್ಕೆ 'ಕನ್ವರ್ಷನ್' ಎನ್ನುತ್ತಾರೆ. ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ನುಡಿಸುವವರಿಗೆ ಅದೇ ಒಳ್ಳೆಯ ಆಯ್ಕೆ. ಹೇಳದೆ ಮಾರಿದರೆ ಮೋಸ, ಏಕೆಂದರೆ ಮೂಲ ಐದು ತಂತಿಯ ವಾದ್ಯದ ಬೆಲೆ ಅದರ ಹಲವು ಪಟ್ಟು.

ಭಾರತದ ಮಾರಾಟಗಾರರ ಪುಟ ನೋಡುತ್ತಿದ್ದರೆ ಒಂದು ಎಚ್ಚರ. ನಮ್ಮಲ್ಲಿ ಬ್ಯಾಂಜೊ ಎಂದು ಕರೆಯುವುದು ಬಹುತೇಕ ಬುಲ್‌ಬುಲ್ ತರಂಗವನ್ನು, ಟೈಪ್‌ರೈಟರಿನಂಥ ಗುಂಡಿಗಳಿರುವ ತಂತಿವಾದ್ಯವನ್ನು. ಅದರ ಮೂಲ 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೊತೊ. "ವಿಂಟೇಜ್ ಬ್ಯಾಂಜೊ" ಎಂಬ ಶೀರ್ಷಿಕೆಯಡಿ ಅದೂ ಬರುತ್ತದೆ. ಇಲ್ಲಿ ಹೇಳುವ ಯಾವ ಪರೀಕ್ಷೆಯೂ ಅದಕ್ಕೆ ಅನ್ವಯಿಸುವುದಿಲ್ಲ.

ಭಾಗಗಳ ಪರಿಚಯ

ನಡುವಿನ ಮರದ ಬಳೆಯೇ ರಿಮ್; ಮಾಸ್ಟರ್‌ಟೋನ್‌ನಲ್ಲಿ ಮೇಪಲ್ ಮರದ ಮೂರು ಪದರ ಬಾಗಿಸಿ ಅಂಟಿಸಿದ್ದು, ಅಡ್ಡಳತೆ ಸುಮಾರು 11 ಇಂಚು. ಅದರ ಮೇಲೆ ಕೂರುವ ಲೋಹದ ಬಳೆ ಟೋನ್ ರಿಂಗ್. ರಿಂಗಿನ ಮೇಲೆ ಹೆಡ್, ಅಂದರೆ ತೊಗಲು ಅಥವಾ ಪ್ಲಾಸ್ಟಿಕ್. ಅದನ್ನು ಬಿಗಿಯುವ ಹೊರಬಳೆ ಹೂಪ್. ಹೂಪನ್ನು ಕೆಳಕ್ಕೆ ಎಳೆಯುವ 24 ಹುಕ್ಕುಗಳು. ಹುಕ್ಕುಗಳಿಗೆ ಆಧಾರ ಕೊಟ್ಟು ಹಿಂಬದಿಯ ಮರದ ಬೋಗುಣಿಯ, ಅಂದರೆ ರೆಸೊನೇಟರಿನ, ಬಾಯಿ ಮುಚ್ಚುವ ಲೋಹದ ಅಂಚು ಫ್ಲ್ಯಾಂಜ್. ನೆಕ್ ಬಿಟ್ಟು ಇವೆಲ್ಲ ಸೇರಿದ ಜೋಡಣೆಗೆ ಪಾಟ್ ಎನ್ನುತ್ತಾರೆ. ಮಾದರಿಯ ಹೆಸರಿನಲ್ಲಿ ಟಿಬಿ ಎಂದರೆ ಟೆನರ್, ಪಿಬಿ ಎಂದರೆ ಪ್ಲೆಕ್ಟ್ರಮ್, ಆರ್‌ಬಿ ಎಂದರೆ ಐದು ತಂತಿ, ಎಂಬಿ ಎಂದರೆ ಮ್ಯಾಂಡೊಲಿನ್ ಬ್ಯಾಂಜೊ.

ಹೆಜ್ಜೆ 1: ಸರಿಯಾದ ಚಿತ್ರಗಳನ್ನು ಕೇಳಿ

ಹರಾಜು ಮುಗಿಯಲು ಕನಿಷ್ಠ ಮೂರ್ನಾಲ್ಕು ದಿನ ಇರುವಾಗಲೇ ಬರೆಯಿರಿ. ರೆಸೊನೇಟರ್ ಬಿಚ್ಚಲು ನಾಲ್ಕು ಹೆಬ್ಬೆರಳು ಸ್ಕ್ರೂ ತಿರುಗಿಸಿದರೆ ಸಾಕು, ಯಾವ ಉಪಕರಣವೂ ಬೇಡ. ಆದ್ದರಿಂದ ಒಳಗಿನ ಚಿತ್ರ ಕೊಡಲು ಆಗುವುದಿಲ್ಲ ಎಂಬ ನೆಪವನ್ನು ಒಪ್ಪಬೇಡಿ. ಹೆಡ್ ಬಿಚ್ಚಿ ತೋರಿಸಿ ಎನ್ನುವುದು ಬೇರೆ ಮಾತು. ಹಳೆಯ ತೊಗಲು ಹರಿಯಬಹುದು, ಹೊಂದಾಣಿಕೆ ಕೆಡಬಹುದು. ಪ್ರಾಮಾಣಿಕ ಮಾರಾಟಗಾರರೂ ಒಲ್ಲೆ ಎನ್ನಬಹುದು.

ಬೇಕಾದ ಚಿತ್ರಗಳು ಇವು:

- ರೆಸೊನೇಟರ್ ತೆಗೆದ ಪಾಟ್, ಹಿಂದಿನಿಂದ ನೇರವಾಗಿ
- ರಿಮ್ಮಿನ ಒಳಗೋಡೆಯಲ್ಲಿರುವ ಸಂಖ್ಯೆ ಮತ್ತು ಲೇಬಲ್, ಹತ್ತಿರದಿಂದ
- ರಿಮ್ಮಿನ ಒಳಗಿನಿಂದ ಮೇಲ್ಮುಖವಾಗಿ, ಟೋನ್ ರಿಂಗಿನ ರಂಧ್ರಗಳು ಕಾಣುವಂತೆ
- ರೆಸೊನೇಟರಿನ ಒಳಭಾಗ
- ಫ್ಲ್ಯಾಂಜ್, ಕಣ್ಣಿನ ಮಟ್ಟದಲ್ಲಿ ಪಕ್ಕದಿಂದ, ಸುತ್ತಲೂ ನಾಲ್ಕು ಕಡೆ
- ನೆಕ್ಕಿನ ಬುಡ ಪಾಟ್‌ಗೆ ಕೂಡುವ ಜಾಗ, ಎರಡೂ ಪಕ್ಕ
- ಪೆಗ್‌ಹೆಡ್ಡಿನ (ಬಿರಡೆಗಳಿರುವ ನೆಕ್ಕಿನ ತುದಿ) ಮುಂದೆ, ಹಿಂದೆ
- ಬೆರಳುಹಲಗೆಯ ಮುತ್ತಿನ ಚಿತ್ತಾರ, ಓರೆ ಬೆಳಕಿನಲ್ಲಿ
- ಅಂದಿನ ತಾರೀಖು ಬರೆದ ಚೀಟಿಯನ್ನು ವಾದ್ಯದ ಪಕ್ಕ ಇಟ್ಟು ಒಂದು

ಕೊನೆಯದು ಕದ್ದ ಚಿತ್ರಗಳ ಹಾವಳಿಗೆ ಮದ್ದು. ಜೊತೆಗೆ ಪುಟದ ಚಿತ್ರಗಳನ್ನು ರಿವರ್ಸ್ ಇಮೇಜ್ ಸರ್ಚ್‌ಗೆ ಹಾಕಿ. ರೆಸೊನೇಟರಿನ ಮರದ ಗೆರೆ, ಲ್ಯಾಕರಿನ ಗೀರುಗಳು ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿವೆಯೇ ಎಂದು ಹೋಲಿಸಿ. ಎರಡು ಬ್ಯಾಂಜೊಗಳ ಚಿತ್ರ ಬೆರೆಸಿ ಒಂದನ್ನು ಮಾರುವುದು ಹೀಗೆ ಸಿಕ್ಕಿಬೀಳುತ್ತದೆ.

ಹೆಜ್ಜೆ 2: ಕಾರ್ಖಾನೆ ಆರ್ಡರ್ ಸಂಖ್ಯೆ

ಎರಡನೇ ಮಹಾಯುದ್ಧಕ್ಕೆ ಮೊದಲಿನ ಗಿಬ್ಸನ್ ಬ್ಯಾಂಜೊಗಳಲ್ಲಿ ನೋಡಬೇಕಾದದ್ದು ಕಾರ್ಖಾನೆಯ ಆರ್ಡರ್ ಸಂಖ್ಯೆ. ಸಾಮಾನ್ಯ ರೂಪ ನಾಲ್ಕು ಅಂಕಿ, ಅಡ್ಡಗೆರೆ, ಮತ್ತೆ ಒಂದೋ ಎರಡೋ ಅಂಕಿ. ಮೊದಲ ಭಾಗ ಒಟ್ಟಿಗೆ ಕೆಲಸಕ್ಕಿಟ್ಟ ಗುಂಪಿನದು, ಎರಡನೆಯದು ಆ ಗುಂಪಿನಲ್ಲಿ ಇದು ಎಷ್ಟನೆಯದು ಎಂಬುದು. 1930ರ ದಶಕದ ಕೊನೆಯ ಕೆಲವು ಸಂಖ್ಯೆಗಳಲ್ಲಿ ಅಕ್ಷರವೂ ಸೇರುತ್ತದೆ. ರಿಮ್ಮಿನ ಒಳಗೆ ಇದನ್ನು ಒತ್ತಿರುತ್ತಾರೆ. ಅದೇ ಸಂಖ್ಯೆಯನ್ನು ರೆಸೊನೇಟರಿನ ಒಳಗೆ ಸೀಮೆಸುಣ್ಣದಲ್ಲೋ ಪೆನ್ಸಿಲಿನಲ್ಲೋ ಬರೆದಿರುವುದು ಸಾಮಾನ್ಯ. ಎರಡೂ ಹೊಂದಿದರೆ ರಿಮ್ ಮತ್ತು ರೆಸೊನೇಟರ್ ಜೊತೆಯಾಗಿಯೇ ಕಾರ್ಖಾನೆ ಬಿಟ್ಟವು ಎನ್ನಬಹುದು.

ಸಂಖ್ಯೆ ಸಿಕ್ಕಿದ ಕೂಡಲೇ ಸಂಗ್ರಾಹಕರು ಅಂತರಜಾಲದಲ್ಲಿ ಇಟ್ಟಿರುವ ಯುದ್ಧಪೂರ್ವ ಗಿಬ್ಸನ್ ಬ್ಯಾಂಜೊಗಳ ದಾಖಲೆಗಳಲ್ಲಿ ಅದೇ ಗುಂಪಿನ ಬೇರೆ ವಾದ್ಯಗಳನ್ನು ಹುಡುಕಿ. ಗುಂಪಿನಲ್ಲಿ ಕಂಡಿದ್ದೆಲ್ಲ ಟಿಬಿ-3, ಆರ್ಚ್‌ಟಾಪ್ (ಟೋನ್ ರಿಂಗಿನ ಇನ್ನೊಂದು ಬಗೆ, ಹೆಜ್ಜೆ 3 ನೋಡಿ) ಎಂದಿದ್ದು, ನಿಮ್ಮ ಮುಂದಿರುವುದು ಮಾತ್ರ ಆರ್‌ಬಿ-3 ಫ್ಲಾಟ್‌ಹೆಡ್ ಎಂದರೆ, ರುಜುವಾತಿನ ಹೊಣೆ ಮಾರಾಟಗಾರರದು. ಅದೇ ಸಂಖ್ಯೆ ಬೇರೊಬ್ಬರ ವಾದ್ಯಕ್ಕೆ ಆಗಲೇ ದಾಖಲಾಗಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಸಂಖ್ಯೆಯನ್ನೇ ನಕಲು ಮಾಡಿರಬಹುದಲ್ಲ? ಮಾಡುತ್ತಾರೆ. ಹಳೆಯ ಮರದಲ್ಲಿ ಒತ್ತಿದ ಅಂಕಿಯ ತಗ್ಗಿನಲ್ಲೂ ಸುತ್ತಲಿನಷ್ಟೇ ಬಣ್ಣ, ಕೊಳೆ ಇರುತ್ತದೆ. ಈಚೆಗೆ ಒತ್ತಿದ್ದರೆ ಗಡುಸಾದ ಹಳೆಯ ಲ್ಯಾಕರ್ ಅಂಚಿನಲ್ಲಿ ಚಕ್ಕೆಯೆದ್ದು, ಒಳಗೆ ತಿಳಿಬಣ್ಣದ ಮರ ಇಣುಕುತ್ತದೆ. ಪೆಗ್‌ಹೆಡ್ಡಿನ ಹಿಂದೆ ಒತ್ತಿದ ಉದ್ದ ಸೀರಿಯಲ್ ಸಂಖ್ಯೆ ಕಂಡರೆ ಆ ನೆಕ್ 1961ರ ನಂತರದ್ದು. ಗಿಬ್ಸನ್ ಆ ಪದ್ಧತಿ ಶುರುಮಾಡಿದ್ದೇ ಆಗ.

ಸಂಖ್ಯೆಯೇ ಇಲ್ಲದಿದ್ದರೆ ತಕ್ಷಣ ನಕಲಿ ಎನ್ನಬೇಡಿ. ಒರೆಸಿಹೋಗಿರುತ್ತದೆ, ಕೆಲವೊಮ್ಮೆ ಒತ್ತಿರುವುದೇ ಇಲ್ಲ. 1930ರ ದಶಕದ ಕೊನೆಗೆ, ವ್ಯಾಪಾರ ಕುಸಿದಾಗ, ಕಾರ್ಖಾನೆಯವರೇ ಕಪಾಟಿನಲ್ಲಿ ಉಳಿದ ಹಳೆಯ ಭಾಗಗಳನ್ನು ಕೂಡಿಸಿ ಕಳಿಸಿದ್ದುಂಟು. ಕ್ಯಾಟಲಾಗಿಗೆ ಹೊಂದದ ಅಸಲಿ ಬ್ಯಾಂಜೊ ಇರಲು ಸಾಧ್ಯ. ಆದರೆ ಆ ವಾದವನ್ನು ನಕಲಿ ಮಾರುವವರೂ ಬಳಸುತ್ತಾರೆ. ಅದಕ್ಕೆ ಪೂರ್ತಿ ಬೆಲೆ ಕೊಡಬೇಡಿ.

ಹೆಜ್ಜೆ 3: ಟೋನ್ ರಿಂಗ್

ಹಣದ ಬಹುಪಾಲು ಇಲ್ಲಿದೆ, ಆದ್ದರಿಂದ ಕೈಚಳಕವೂ ಇಲ್ಲೇ. ಕಾಲಾನುಕ್ರಮ ಸ್ಥೂಲವಾಗಿ ಹೀಗಿದೆ. 1925ರಿಂದ ಮೊದಲೆರಡು ವರ್ಷ ಬಾಲ್ ಬೇರಿಂಗ್ ರಿಂಗ್: ರಿಮ್ಮಿನ ನೆತ್ತಿಯಲ್ಲಿ ಕೊರೆದ ಕುಳಿಗಳೊಳಗೆ ಸ್ಪ್ರಿಂಗು, ಗುಂಡು, ಅವುಗಳ ಮೇಲೆ ಟೊಳ್ಳು ಬಳೆ. 1927ರ ಸುಮಾರಿಗೆ ಎರಕದ ಆರ್ಚ್‌ಟಾಪ್ ಬಂತು. ಮೊದಲು ರಂಧ್ರವಿಲ್ಲದ್ದು, ಆಮೇಲೆ 40 ರಂಧ್ರದ್ದು. ದಶಕದ ಕೊನೆಯ ಹೊತ್ತಿಗೆ ಫ್ಲಾಟ್‌ಹೆಡ್ ಕಾಣಿಸಿಕೊಂಡಿತು: 20 ರಂಧ್ರ, ತೂಕ ಸುಮಾರು 3 ಪೌಂಡ್, ಅಂದರೆ 1.3 ಕಿಲೋಗಿಂತ ತುಸು ಹೆಚ್ಚು. 1930ರ ದಶಕದ ಉದ್ದಕ್ಕೂ ಆರ್ಚ್‌ಟಾಪೇ ಮಾಮೂಲು, ಫ್ಲಾಟ್‌ಹೆಡ್ ಅಪರೂಪ.

ಹೆಡ್ ಬಿಚ್ಚದೆಯೇ ಇವನ್ನು ಬೇರ್ಪಡಿಸಬಹುದು. ಆರ್ಚ್‌ಟಾಪ್‌ನಲ್ಲಿ ಹೆಡ್ಡಿನ ಅಂಚು ಸುತ್ತಲೂ ಇಳಿಜಾರಾಗಿ, ನಡುಭಾಗ ಎತ್ತರದ ಜಗಲಿಯಂತೆ ಕಾಣುತ್ತದೆ. ಫ್ಲಾಟ್‌ಹೆಡ್‌ನಲ್ಲಿ ಅಂಚಿನವರೆಗೂ ಸಮತಟ್ಟು. ರೆಸೊನೇಟರ್ ತೆಗೆದು ಒಳಗೆ ನೋಡಿದರೆ ರಿಮ್ಮಿನ ಮೇಲಂಚಿನ ಲೋಹದಲ್ಲಿ ರಂಧ್ರಗಳು ಕಾಣುತ್ತವೆ. ಕಾಲು ಸುತ್ತಿನಲ್ಲಿ 5 ಇದ್ದರೆ ಒಟ್ಟು 20, 10 ಇದ್ದರೆ 40.

ಆದರೆ 20 ರಂಧ್ರ ಇದ್ದಮಾತ್ರಕ್ಕೆ ರಿಂಗ್ ಹಳೆಯದಲ್ಲ. ಹಳೆಯ ಮಾದರಿಯನ್ನೇ ಅಳೆದು ಎರಕ ಹೊಯ್ದ ಹೊಸ ರಿಂಗುಗಳನ್ನು ಹಲವು ಕಾರ್ಯಾಗಾರಗಳು ಬಹಿರಂಗವಾಗಿ, ನ್ಯಾಯವಾಗಿಯೇ ಮಾರುತ್ತವೆ. ಅವು ಹಳೆಯ ಆರ್ಚ್‌ಟಾಪ್ ಅಥವಾ ಬಾಲ್ ಬೇರಿಂಗ್ ರಿಮ್ಮುಗಳ ಮೇಲೆ ಕೂತಿವೆ. ರಿಂಗಿಗಿಂತ ಅದು ಕೂತ ಮರ ಹೆಚ್ಚು ನಿಜ ಹೇಳುತ್ತದೆ. ರಿಂಗ್ ರಿಮ್ಮಿಗೆ ತಾಗುವ ಗೆರೆಯನ್ನು ಹತ್ತಿರದಿಂದ ನೋಡಿ. ದಶಕಗಳಿಂದ ಕೂಡಿಯೇ ಇದ್ದರೆ ಅಲ್ಲಿ ಸಂದು ತುಂಬಿದ ಕಪ್ಪು ಕೊಳೆ ಇರುತ್ತದೆ, ಲ್ಯಾಕರ್ ಗೆರೆಯ ತನಕ ಹಾಗೇ ಬಂದಿರುತ್ತದೆ. ಲೇತಿಗೆ ಹಾಕಿ ಮತ್ತೆ ಕಡೆದಿದ್ದರೆ ತಿಳಿಬಣ್ಣದ ಮೇಪಲ್ಲಿನ ಪಟ್ಟಿ ಕಾಣುತ್ತದೆ. ಅದನ್ನು ಮುಚ್ಚಲು ಬಣ್ಣ ಹಚ್ಚಿದ್ದರೆ ಮರದ ತುದಿನಾರು ಬಣ್ಣ ಹೀರಿ ಅಲ್ಲಲ್ಲಿ ಗಾಢವಾಗಿರುತ್ತದೆ. ಹೆಡ್ ಬಿಚ್ಚುವ ಅವಕಾಶ ಸಿಕ್ಕಿದರೆ ರಿಂಗ್ ಎತ್ತಿ ರಿಮ್ಮಿನ ನೆತ್ತಿ ನೋಡಿ. ಸಾಲಾಗಿ ತುಂಬಿದ ಅಥವಾ ಅರ್ಧ ಉಳಿದ ಕುಳಿಗಳಿದ್ದರೆ ಅದು ಬಾಲ್ ಬೇರಿಂಗ್ ರಿಮ್. ಅದರ ಮೇಲಿನ ಫ್ಲಾಟ್‌ಹೆಡ್ ಆಮೇಲೆ ಬಂದದ್ದು, ಇದರಲ್ಲಿ ಚರ್ಚೆಯಿಲ್ಲ.

ಹೆಜ್ಜೆ 4: ಫ್ಲ್ಯಾಂಜ್

ಎರಡು ಬಗೆ. 1925ರಿಂದ ಆ ದಶಕದ ಕೊನೆಯವರೆಗೆ ಹಿತ್ತಾಳೆಯ ಕೊಳವೆ ಮತ್ತು ಚಿತ್ತಾರ ಕತ್ತರಿಸಿದ ಪ್ರತ್ಯೇಕ ತಟ್ಟೆ. 1929-30ರ ಹೊತ್ತಿಗೆ ಒಂದೇ ತುಂಡಿನ ಎರಕದ ಫ್ಲ್ಯಾಂಜ್. ಈ ಎರಡನೆಯದು ಸತುವಿನ ಮಿಶ್ರಲೋಹ; ಕಡಿಮೆ ಖರ್ಚಿನದು, ಆಯಸ್ಸೂ ಕಡಿಮೆ. ಸತುವಿನಲ್ಲಿ ಸೀಸದಂಥ ಕಲ್ಮಷವಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗೊಳಗೇ ಬಿರಿಯುತ್ತದೆ. ಜೊತೆಗೆ 24 ಹುಕ್ಕುಗಳು ದಿನವೂ ಮೇಲಕ್ಕೆ ಎಳೆಯುತ್ತಿರುತ್ತವೆ. ಹಾಗಾಗಿ ಅಸಲಿ ಫ್ಲ್ಯಾಂಜಿನ ಅಂಚು ಹುಕ್ಕುಗಳ ಬಳಿ ತುಸು ಮೇಲೆದ್ದಿರುವುದು, ರಂಧ್ರಗಳ ಪಕ್ಕ ಕೂದಲೆಳೆಯ ಸೀಳು ಇರುವುದು ವಿಶೇಷವಲ್ಲ. ಪಕ್ಕದ ಚಿತ್ರದಲ್ಲಿ ಸ್ಕೇಲಿಟ್ಟಂತೆ ನೆಟ್ಟಗೆ, ಲೇಪನ ಹೊಳೆಯುತ್ತಾ ಇದ್ದರೆ ಬದಲಾಯಿಸಿರಬಹುದು ಎಂದುಕೊಳ್ಳಿ. ಬದಲಿಸಿದ ಫ್ಲ್ಯಾಂಜ್ ಬೆಲೆ ಇಳಿಸುತ್ತದೆ, ನಾದವನ್ನಲ್ಲ. ಬಿರುಕು ಬಿಟ್ಟ ಮೂಲ ಫ್ಲ್ಯಾಂಜ್ ಇದ್ದರೆ ನುಡಿಸಲು ಧೈರ್ಯ ಸಾಲದು; ಅದನ್ನೂ ಲೆಕ್ಕಕ್ಕೆ ತನ್ನಿ.

ಎರಡೂ ಬಗೆಗೆ ರಿಮ್ಮಿನ ಹೊರಮೈ ಕಡೆಯುವ ರೀತಿ ಬೇರೆ, ನೆಕ್ಕಿನ ಬುಡ ಕತ್ತರಿಸುವ ರೀತಿಯೂ ಬೇರೆ. ಈ ಮಾತನ್ನು ಮುಂದಿನ ಹೆಜ್ಜೆಗೆ ಇಟ್ಟುಕೊಳ್ಳಿ.

ಹೆಜ್ಜೆ 5: ನೆಕ್

ಮೊದಲು ಆಕಾರ. 1920ರ ದಶಕದ ಮಾಸ್ಟರ್‌ಟೋನ್ ಪೆಗ್‌ಹೆಡ್ ಪಿಟೀಲಿನ ಸೊಂಟದ ವಂಕಿಯದು. ಒಂದು ತುಂಡಿನ ಫ್ಲ್ಯಾಂಜ್ ಬಂದ ಆಸುಪಾಸಿನಲ್ಲಿ ಪಕ್ಕಗಳಲ್ಲಿ ಎರಡೆರಡು ಕಚ್ಚುಗಳಿರುವ 'ಡಬಲ್ ಕಟ್' ಬಂತು. ಪಿಟೀಲು ವಂಕಿಯ ಪೆಗ್‌ಹೆಡ್, ಒಂದು ತುಂಡಿನ ಫ್ಲ್ಯಾಂಜ್ ಒಟ್ಟಿಗೆ ಕಂಡರೆ ಕೇಳಿ ನೋಡಬೇಕು. ಬದಲಾವಣೆಯ ತಿಂಗಳುಗಳಲ್ಲಿ ಅಂಥದ್ದು ಹೊರಟಿರಬಹುದು, ಆದರೆ ಜೋಡಣೆಯ ಸಾಧ್ಯತೆಯೇ ಜಾಸ್ತಿ.

ಚಿತ್ತಾರ ಮತ್ತು ಮರ ಒಂದಕ್ಕೊಂದು ಹೊಂದಬೇಕು. ಗ್ರನಾಡಾ ಎಂದರೆ ಅಲೆಗೆರೆಯ ಮೇಪಲ್, ಚಿನ್ನದ ಲೇಪ, ಮೊದಲು 'ಹಾರ್ಟ್ಸ್ ಅಂಡ್ ಫ್ಲವರ್ಸ್', ನಂತರ 'ಫ್ಲೈಯಿಂಗ್ ಈಗಲ್' ಚಿತ್ತಾರ. 1930ರ ದಶಕದ ಸ್ಟೈಲ್ 3 ಎಂದರೆ ಮಹಾಗನಿ, ನಿಕಲ್ ಲೇಪ. 1937ರಲ್ಲಿ ಸ್ಟೈಲ್ 75 ಅದರ ಜಾಗಕ್ಕೆ ಬಂತು. ಚಿತ್ತಾರ ಒಂದನ್ನೇ ನಂಬಬೇಡಿ. ಗಿಬ್ಸನ್ ಕಂಪನಿಯೇ 1980ರ ದಶಕದಿಂದ ಹಳೆಯ ಮಾದರಿಗಳನ್ನು ಮತ್ತೆ ತಯಾರಿಸಿತು. 2010ರ ಮೇ ತಿಂಗಳ ನ್ಯಾಶ್‌ವಿಲ್ ಪ್ರವಾಹದ ತನಕ ಅದು ನಡೆಯಿತು. 1970ರ ದಶಕದ ಜಪಾನಿ ನಕಲುಗಳಲ್ಲೂ ಇದೇ ಹೂವು, ಇದೇ ಹದ್ದು. ಓರೆ ಬೆಳಕಿನ ಚಿತ್ರ ಬೇಕಾಗುವುದು ಇಲ್ಲಿ: ಕೈಗರಗಸದಲ್ಲಿ ಕತ್ತರಿಸಿದ ಹಳೆಯ ಮುತ್ತಿನ ಚಿಪ್ಪಿನ ಸುತ್ತ ಕಪ್ಪು ಮೇಣದಂಥ ತುಂಬಿಕೆ ಏರುಪೇರಾಗಿರುತ್ತದೆ. ಯಂತ್ರ ಕೊರೆದದ್ದರಲ್ಲಿ ಸಂದು ಎಲ್ಲೆಡೆ ಸಮ, ಒಳಮೂಲೆಗಳು ಡ್ರಿಲ್ಲಿನ ಮೊನೆಯಷ್ಟೇ ದುಂಡಗೆ.

ಇನ್ನು ಬುಡ. ಕೊಳವೆ-ತಟ್ಟೆಯ ಪಾಟ್‌ಗೆ ಒಂದು ತುಂಡಿನ ಫ್ಲ್ಯಾಂಜಿನ ನೆಕ್ ಕೂರಿಸಿದ್ದರೆ ಸಂದು ಉಳಿಯುತ್ತದೆ, ಇಲ್ಲವೇ ಮರದ ಬಿಲ್ಲೆ ತೂರಿಸಿರುತ್ತಾರೆ, ಇಲ್ಲವೇ ಹೊಸದಾಗಿ ಕೆತ್ತಿರುತ್ತಾರೆ. ಹೊಸ ಕೆತ್ತನೆಯ ಮೇಲೆ ಲ್ಯಾಕರ್ ಇರುವುದಿಲ್ಲ, ಅಥವಾ ಬೇರೆ ಹೊಳಪಿನದಿರುತ್ತದೆ.

ಆಮೇಲೆ ಸವೆತ. ಬಲಗೈ ತಾಗುವ ಕಡೆ ಹೂಪಿನ ಲೇಪನ ತಿಂದುಹೋಗಿ ಹಿತ್ತಾಳೆ ಕಾಣುತ್ತಿದ್ದು, ಬೆರಳುಹಲಗೆ ಮಾತ್ರ ಹೊಸದಾಗಿದ್ದರೆ ಎರಡೂ ಒಂದೇ ಕೈಯಲ್ಲಿ ಬಾಳಿದವಲ್ಲ. ಫ್ರೆಟ್ (ಬೆರಳುಹಲಗೆಯ ಅಡ್ಡ ಲೋಹದ ಪಟ್ಟಿ) ಬದಲಿಸಿದ್ದಾರೆ ಎಂಬ ಉತ್ತರ ಬರಬಹುದು. ಫ್ರೆಟ್ ಬದಲಾದರೂ ಮರದ ಕುಳಿ, ನೆಕ್ಕಿನ ಹಿಂಭಾಗದ ಸವೆತ ಉಳಿಯಬೇಕು.

ಮೂಲ ಟೆನರ್ ನೆಕ್ಕನ್ನೂ ಜೊತೆಗೆ ಕೊಡುತ್ತೇವೆ ಎಂದರೆ ಒಳ್ಳೆಯ ಲಕ್ಷಣ. ಅದರ ಅಳತೆ ಕೇಳಿ. ಬೆರಳುಹಲಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ಗಟ್ಟೆ ನಟ್; ಅಲ್ಲಿಂದ ಬ್ರಿಡ್ಜ್ ತನಕದ ತಂತಿಯ ಉದ್ದ ಸ್ಕೇಲ್: 23 ಇಂಚಿನ ಸ್ಕೇಲಿನ ಟೆನರ್‌ನಲ್ಲಿ ನಟ್‌ನಿಂದ 12ನೇ ಫ್ರೆಟ್‌ಗೆ 11½ ಇಂಚು. ಐದು ತಂತಿಯದಕ್ಕೆ ಸ್ಕೇಲ್ 26 ಇಂಚಿಗಿಂತ ತುಸು ಹೆಚ್ಚು, 22 ಫ್ರೆಟ್.

ಸಣ್ಣ ಸಾಮಾನು

ಪ್ಲಾಸ್ಟಿಕ್ ಹೆಡ್ ಇದ್ದರೆ ಗಾಬರಿ ಬೇಡ. 1950ರ ದಶಕದ ಕೊನೆಯಿಂದ ಎಲ್ಲರೂ ತೊಗಲು ತೆಗೆದು ಅದನ್ನೇ ಹಾಕಿದರು. ಬಿರಡೆ, ಬ್ರಿಡ್ಜ್, ಟೇಲ್‌ಪೀಸ್ ಬದಲಾಗಿರುವುದು ಮಾಮೂಲು. ಬೆಲೆ ಚೂರು ಇಳಿಸಿ ಮುಂದೆ ಹೋಗಿ. ಪ್ಲಸ್ ಗುರುತಿನ ಫಿಲಿಪ್ಸ್ ಸ್ಕ್ರೂ 1930ರ ದಶಕದ ನಡುವಿನಲ್ಲಿ ಬಂದದ್ದು. 1928ರದು ಎನ್ನುವ ವಾದ್ಯದಲ್ಲಿ ಅದು ಕಂಡರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ. ಹಳೆಯ ಪೆಟ್ಟಿಗೆ ಯಾವುದನ್ನೂ ಸಾಬೀತು ಮಾಡುವುದಿಲ್ಲ, ಪೆಟ್ಟಿಗೆಗಳು ಕೈ ಬದಲಾಗುತ್ತಲೇ ಇರುತ್ತವೆ.

ಗಿಬ್ಸನ್ ಅಲ್ಲದಿದ್ದರೆ

ಬಾಸ್ಟನ್ನಿನ ಫೇರ್‌ಬ್ಯಾಂಕ್ಸ್ ಮತ್ತು 1904ರಲ್ಲಿ ಅದನ್ನು ಕೊಂಡ ವೇಗಾ ಕಂಪನಿಯ ಬ್ಯಾಂಜೊಗಳ ಪರೀಕ್ಷೆ ಇದಕ್ಕಿಂತ ಸುಲಭ. ಇವುಗಳಲ್ಲಿ ನೆಕ್ಕಿನಿಂದ ಹೊರಟ ಮರದ ದಂಡ ಪಾಟ್‌ನ ಒಳಗೆ ಅಡ್ಡ ಹಾಯುತ್ತದೆ. ಸೀರಿಯಲ್ ಸಂಖ್ಯೆ ಆ ದಂಡದ ಮೇಲೂ ರಿಮ್ಮಿನ ಒಳಗೂ ಒತ್ತಿರುತ್ತದೆ. ಎರಡೂ ಒಂದೇ ಆದರೆ ನೆಕ್ ಮೂಲದ್ದು. ದಂಡದ ಮೇಲೆ ಸಂಖ್ಯೆ ಇಲ್ಲದಿದ್ದರೆ ಅಥವಾ ಬೇರೆಯಿದ್ದರೆ ನೆಕ್ ಬದಲಾಗಿದೆ. 1901ರ ವೈಟ್ ಲೇಡಿ ಮತ್ತು 1909ರ ಟ್ಯೂಬಾಫೋನ್ ರಿಂಗುಗಳ ರಚನೆ ಬೇರೆ ಬೇರೆ: ಮೊದಲನೆಯದಕ್ಕೆ ಅಲೆಯಲೆಯಾದ ಅಂಚು, ಎರಡನೆಯದಕ್ಕೆ ದುಂಡು ರಂಧ್ರಗಳ ಚೌಕ ಕೊಳವೆ. ದಂಡದ ಮೇಲೆ ಒತ್ತಿದ ಹೆಸರಿಗೂ ರಿಂಗಿಗೂ ತಾಳೆಯಾಗಬೇಕು.

ಹೆಜ್ಜೆ 6: ವಿವರಣೆಯ ಮಾತು ಓದಿ, ಆಮೇಲೆ ಬಿಡ್ ಮಾಡಿ

"ಪ್ರಿವಾರ್ (ಯುದ್ಧಪೂರ್ವ) ಪಾಟ್" ಎಂದರೆ ನೆಕ್ ಹೊಸದು. "ಪ್ರಿವಾರ್ ಸ್ಟೈಲ್" ಎಂದರೆ ಎಲ್ಲವೂ ಹೊಸದು. "ಆಸ್ ಈಸ್" ಎಂದರೆ ವಾಪಸಾತಿ ಇಲ್ಲ. "ನನಗೆ ಬ್ಯಾಂಜೊ ಬಗ್ಗೆ ಗೊತ್ತಿಲ್ಲ, ತಾತನ ಅಟ್ಟದಲ್ಲಿ ಸಿಕ್ಕಿತು" ಎಂಬುದು ನಿಜವೂ ಆಗಿರಬಹುದು; ಅವರ ಹಳೆಯ ಮಾರಾಟಗಳಲ್ಲಿ ಹತ್ತು ಬ್ಯಾಂಜೊ ಕಂಡರೆ ನಿಜವಲ್ಲ. ಒಂದು ನೇರ ಪ್ರಶ್ನೆಯನ್ನು ತಾಣದ ಸಂದೇಶ ವ್ಯವಸ್ಥೆಯಲ್ಲೇ ಕೇಳಿ: "ರಿಮ್, ಟೋನ್ ರಿಂಗ್, ಫ್ಲ್ಯಾಂಜ್, ನೆಕ್, ರೆಸೊನೇಟರ್, ಇವುಗಳಲ್ಲಿ ಯಾವುದು ಮೂಲ, ಯಾವುದು ಬದಲಿ?" ಉತ್ತರ ಬರಹದಲ್ಲಿದ್ದರೆ ಮುಂದೆ ದೂರಿಗೆ ಅದೇ ಆಧಾರ. ಫೋನಿನಲ್ಲಿ ಹೇಳುತ್ತೇವೆ ಎಂದರೆ ಒಪ್ಪಬೇಡಿ.

ಬಿಡ್ಡಿನ ಮಿತಿಯನ್ನು ಖಚಿತವಾದ ಭಾಗಗಳಿಗೆ ಮಾತ್ರ ಕಟ್ಟಿ. ರಿಮ್ ಮತ್ತು ರೆಸೊನೇಟರ್ ಖಚಿತ, ರಿಂಗ್ ಸಂಶಯ, ನೆಕ್ ಹೊಸದು ಎಂದಾದರೆ ಕನ್ವರ್ಷನ್ನಿನ ಬೆಲೆಯಲ್ಲೂ ಕೆಳಗಿನದನ್ನು ಹಿಡಿಯಿರಿ. ಹರಾಜು ಮನೆಗಳು ಕೂಗಿದ ಬೆಲೆಯ ಮೇಲೆ ಕೊಳ್ಳುವವರಿಂದ ಕಮಿಷನ್ ತೆಗೆದುಕೊಳ್ಳುತ್ತವೆ, 20ರಿಂದ 25 ಶೇಕಡಾ ಸಾಮಾನ್ಯ. ಅದನ್ನು ಕಳೆದು ಮಿತಿ ಹಾಕಿ. ಹಣವನ್ನು ತಾಣದ ಹೊರಗೆ ಬ್ಯಾಂಕಿಗೆ ಕಳಿಸಬೇಡಿ.

ವಾದ್ಯ ಭಾರತಕ್ಕೆ ಬರಬೇಕಿದ್ದರೆ ಬಿಡ್ಡಿಗೆ ಮೊದಲೇ ಮರದ ವಿಚಾರ ಕೇಳಿ. ಬ್ರೆಜಿಲ್ ರೋಸ್‌ವುಡ್ 1992ರಿಂದ, ಅಳಿವಿನಂಚಿನ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ಸಿಕ್ಕ ರಿಯಾಯಿತಿ ಉಳಿದ ರೋಸ್‌ವುಡ್‌ಗಳಿಗೆ, ಇದಕ್ಕಲ್ಲ. ಹಳೆಯ ಬ್ಯಾಂಜೊಗಳ ಬೆರಳುಹಲಗೆಯಲ್ಲಿ ಅದು ಇರಬಹುದು. ಕೆಲವು ಹಳೆಯ ವಾದ್ಯಗಳ ಬಿರಡೆಯಲ್ಲಿ ದಂತವೂ ಇರುತ್ತದೆ. ಅನುಮತಿ ಪತ್ರವಿಲ್ಲದೆ ಹೊರಟ ಪೆಟ್ಟಿಗೆ ಬಂದರಿನಲ್ಲೇ ನಿಲ್ಲುತ್ತದೆ.

ಹೆಜ್ಜೆ 7: ಪೆಟ್ಟಿಗೆ ಬಂದ ದಿನ

ಇಬೇಯಂಥ ತಾಣದಲ್ಲಿ "ವಿವರಣೆಗೆ ಹೊಂದುವುದಿಲ್ಲ" ಎಂದು ದೂರಲು ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಪೆಟ್ಟಿಗೆ ಬಿಚ್ಚುವುದನ್ನು ನಿರಂತರ ವಿಡಿಯೊ ಮಾಡಿ. ಮೊದಲು ಸಂಖ್ಯೆಯನ್ನು ಪುಟದ ಚಿತ್ರದೊಂದಿಗೆ ಹೋಲಿಸಿ. ಬಳಿಕ ಕತ್ತಲ ಕೋಣೆಯಲ್ಲಿ ಯುವಿ ಟಾರ್ಚ್ ಹಿಡಿಯಿರಿ: ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹಸಿರು ಮಿಶ್ರಿತ ಹಳದಿಯಾಗಿ ಮಿನುಗುತ್ತದೆ, ಆಮೇಲೆ ಬಳಿದ ಜಾಗ ಕಪ್ಪಾಗಿಯೋ ಬೇರೆ ಬಣ್ಣದಲ್ಲೋ ಎದ್ದು ಕಾಣುತ್ತದೆ. ನೆಕ್, ರೆಸೊನೇಟರ್, ರಿಮ್ ಮೂರೂ ಹೆಚ್ಚುಕಡಿಮೆ ಒಂದೇ ಥರ ಮಿನುಗಬೇಕು. ಟೋನ್ ರಿಂಗಿಗೆ ಅಯಸ್ಕಾಂತ ತಾಗಿಸಿ. ಕಂಚು, ಹಿತ್ತಾಳೆ ಅಂಟಿಕೊಳ್ಳುವುದಿಲ್ಲ. ನಿಕಲ್ ಲೇಪದಿಂದಾಗಿ ಸಣ್ಣ ಸೆಳೆತ ಗೊತ್ತಾದೀತು. ಗಟ್ಟಿಯಾಗಿ ಕಚ್ಚಿದರೆ ಒಳಗೆ ಉಕ್ಕಿದೆ.

ದೂರು ದಾಖಲಿಸುವ ಮೊದಲು ರೆಸೊನೇಟರ್ ಬಿಟ್ಟು ಬೇರೇನನ್ನೂ ಬಿಚ್ಚಬೇಡಿ. ಬಿಚ್ಚಿದ ಮೇಲೆ ಭಾಗ ಬದಲಿಸಿದವರು ನೀವೇ ಎಂಬ ವಾದ ಬರುತ್ತದೆ. ಹೆಡ್ ತೆಗೆದು ರಿಂಗ್ ತೂಗಲೇಬೇಕಿದ್ದರೆ ಮಾರಾಟಗಾರರ ಲಿಖಿತ ಒಪ್ಪಿಗೆ ಪಡೆದು, ವಾದ್ಯ ರಿಪೇರಿ ಮಾಡುವವರ ಬಳಿ, ಅವರ ಬಿಲ್ಲಿನೊಂದಿಗೆ ಮಾಡಿಸಿ.

ಭಾರತದಿಂದ ವಾಪಸ್ ಕಳಿಸುವುದಾದರೆ ಕಟ್ಟಿದ ಸುಂಕ ಹೋದಂತೆಯೇ ಎಂದುಕೊಳ್ಳಬೇಡಿ. ಮರುರಫ್ತಾದ ಸರಕಿಗೆ ಸುಂಕದ ಬಹುಪಾಲನ್ನು ಹಿಂದಿರುಗಿಸುವ ಅವಕಾಶ ಕಸ್ಟಮ್ಸ್ ಕಾಯ್ದೆ, 1962ರ 74ನೇ ಸೆಕ್ಷನ್ನಿನಲ್ಲಿದೆ. ಅದಕ್ಕೆ ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ), ಸುಂಕದ ರಸೀದಿ ಬೇಕು. ಬಂದ ವಾದ್ಯವೇ ಹೋಗುತ್ತಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಕೊರಿಯರ್ ಮೂಲಕ ತರಿಸುವಾಗಲೇ ಇನ್‌ವಾಯ್ಸಿನಲ್ಲಿ ಬರೀ "ಓಲ್ಡ್ ಬ್ಯಾಂಜೊ" ಎಂದು ಬಿಡದೆ, ಮಾದರಿ ಮತ್ತು ರಿಮ್ಮಿನ ಆರ್ಡರ್ ಸಂಖ್ಯೆಯನ್ನು ಬರೆಸಿ.